ಒತ್ತಕ್ಷರ ಬಾರದ ಎರಡನೇ ಕ್ಲಾಸಿನ ಮಕ್ಕಳಿಗೆ ಶಾಲೆಯ ಲೈಬ್ರರಿಯಿಂದ ಯಾವ ಪುಸ್ತಕ ಕೊಡಬೇಕು?

ಮಕ್ಕಳು ಸುಮ್ನೆ ಚಿತ್ರ ನೋಡಿ ಪುಟ ತಿರುವುತ್ತಾರೆ, ಅಕ್ಷರದ ಮಟ್ಟ ನೋಡಿ ಪುಸ್ತಕಗಳನ್ನು ಬೇರೆ ಬೇರೆ ಮಾಡಿಡಲಾ ಅಂತ ಕೇಳಿದ್ದೀರಿ. ಬೇಡ. ನಾನು ಮಾಡಿಟ್ಟಿದ್ದೆ. ಬಣ್ಣದ ಸ್ಟಿಕ್ಕರ್ ಸಮೇತ.

ಶಿರಾ ಕಡೆಯ ಒಂದು ಕಿರಿಯ ಪ್ರಾಥಮಿಕ ಶಾಲೆ. ಒಂದರಿಂದ ಮೂರನೇ ಕ್ಲಾಸಿನವರೆಗೆ ಎಲ್ಲರೂ ಒಂದೇ ಕೋಣೆಯಲ್ಲಿ, ಸರ್ಕಾರಿ ಶಾಲೆಗಳ ನಲಿ-ಕಲಿ ಪದ್ಧತಿ. ನಾನು ಹೋಗೋ ಹೊತ್ತಿಗೆ ಲೈಬ್ರರಿ ಅಂದರೆ ಮೂಲೆಯ ಒಂದು ಬೀರು. ಒಳಗೆ ಪುಸ್ತಕಗಳು ಬಂದ ದಾರ ಬಿಚ್ಚದೆ ಕಟ್ಟು ಕಟ್ಟಾಗಿಯೇ ಇದ್ದವು. ಅದನ್ನೆಲ್ಲ ಬಿಚ್ಚಿ, ಧೂಳು ಒರೆಸಿ ಜೋಡಿಸಿದ್ದು ನಾನೇ ಅಂತ ನನಗೆ ಒಳಗೊಳಗೇ ಜಂಬ ಇತ್ತು.

ನಲಿ-ಕಲಿ ನಿಮಗೂ ಗೊತ್ತಿರುತ್ತೆ. ಅ ಆ ಇ ಈ ಅಂತ ಶುರುವಾಗಲ್ಲ, ರ ಗ ಸ ದ ಅ ಅಂತ ಶುರುವಾಗುತ್ತೆ. ಆಮೇಲೆ ಜ ವ ಮ ಬ ನ. ಮೊದಲ ಐದು ಅಕ್ಷರ ಬಂದರೆ ಸಾಕು, ಮಗು ಅರಸ, ದಸರ, ಗರಗಸ ಓದಿಬಿಡುತ್ತೆ. ಕಾಗುಣಿತ ಆಮೇಲೆ, ಒತ್ತಕ್ಷರ ಇನ್ನೂ ಮೇಲಿನ ಮೆಟ್ಟಿಲಲ್ಲಿ. ಪದ್ಧತಿ ಮೇಲೆ ನನಗೆ ಯಾವ ಕೋಪವೂ ಇಲ್ಲ. 1995ರಲ್ಲಿ ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆ ಕಡೆ ಅದನ್ನು ಶುರು ಮಾಡಿದವರು ಮಗು ಅದರ ವೇಗದಲ್ಲೇ ಕಲಿಯಲಿ ಅಂತ ಮಾಡಿದರು. ಆ ಏಣಿ ಇರೋದು ಅಕ್ಷರ ಕಲಿಸೋಕೆ. ನಾನು ಅದನ್ನು ತಂದು ಪುಸ್ತಕದ ಬೀರುವಿಗೆ ಒರಗಿಸಿದೆ.

ಏನು ಮಾಡಿದೆ ಅಂದರೆ, ಒಂದೊಂದು ಪುಸ್ತಕವನ್ನೂ ಬೆರಳಿಟ್ಟು ಒತ್ತಕ್ಷರ ಹುಡುಕಿದೆ. ಒಂದೂ ಇಲ್ಲದ್ದಕ್ಕೆ ಕೆಂಪು ಸ್ಟಿಕ್ಕರ್. ಸಜಾತಿ ಒತ್ತು, ಅಂದರೆ ‘ಅಮ್ಮ’ದಲ್ಲಿರೋ ಹಾಗೆ ಅದೇ ಅಕ್ಷರದ ಒತ್ತು ಮಾತ್ರ ಇದ್ದರೆ ಹಳದಿ. ಉಳಿದದ್ದಕ್ಕೆಲ್ಲ ಹಸಿರು. ಕಾಗುಣಿತದಲ್ಲಿರೋ ಮಗು ಕೆಂಪು ಬಿಟ್ಟು ಬೇರೆ ಮುಟ್ಟೋ ಹಾಗಿಲ್ಲ. ಕೇಳೋಕೆ ಎಷ್ಟು ಸರಿಯಾಗಿದೆ ಅಲ್ವಾ? ಶಾಲೆ ನೋಡೋಕೆ ಬಂದ ಸಿ.ಆರ್.ಪಿ.ಯವರೂ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಫೋಟೋ ತೆಗೆದುಕೊಂಡು ಹೋದರು.

ಕೆಂಪು ಪುಸ್ತಕಗಳು ಬೆರಳೆಣಿಕೆಯಷ್ಟು ಮಾತ್ರ ಸಿಕ್ಕವು. ಆಗಲೇ ನನಗೆ ಅನುಮಾನ ಬರಬೇಕಿತ್ತು. ಒತ್ತಕ್ಷರ ಇಲ್ಲದೆ ಕನ್ನಡದಲ್ಲಿ ಕಥೆ ಹೇಳಿ ನೋಡಿ. ಅಮ್ಮ ಬರೋ ಹಾಗಿಲ್ಲ, ಅಪ್ಪ ಬರೋ ಹಾಗಿಲ್ಲ. ಅಕ್ಕ, ಅಣ್ಣ, ತಮ್ಮ, ಅಜ್ಜಿ ಯಾರೂ ಇಲ್ಲ. ಬೆಕ್ಕು, ಎಮ್ಮೆ, ಹಕ್ಕಿ ಇಲ್ಲ. ‘ಇಲ್ಲ’ ಅನ್ನೋ ಹಾಗೂ ಇಲ್ಲ. ಯಾರೂ ಬಿದ್ದ ಹಾಗಿಲ್ಲ, ಎದ್ದ ಹಾಗಿಲ್ಲ, ನಕ್ಕ ಹಾಗಿಲ್ಲ, ಅತ್ತ ಹಾಗಿಲ್ಲ. ಉಳಿಯೋದು ಏನು? ಕಮಲಳ ಮನೆ. ಮನೆಯ ಮುಂದೆ ಮರ. ಮರದ ಮೇಲೆ ಗಿಳಿ. ಅಷ್ಟೇ. ಗಿಳಿ ಏನು ಮಾಡಿತು ಅಂತ ಯಾವ ಮಗುವೂ ಕೇಳಲಿಲ್ಲ, ಯಾಕಂದರೆ ಗಿಳಿ ಏನೂ ಮಾಡಿರಲಿಲ್ಲ.

ಆದರೂ ಮಕ್ಕಳು ಕೆಂಪು ಪುಸ್ತಕಗಳನ್ನು ಪಟಪಟ ಓದುತ್ತಿದ್ದರು. ನನಗೆ ಖುಷಿಯೋ ಖುಷಿ. ಒಂದು ದಿನ ಒಬ್ಬ ಹುಡುಗಿ ಜೋರಾಗಿ ಓದುವಾಗ ಪಕ್ಕದಲ್ಲೇ ಕೂತಿದ್ದೆ. ಪುಸ್ತಕದ ಮಧ್ಯೆ ಎರಡು ಹಾಳೆ ಗೋಂದು ತಾಗಿ ಅಂಟಿಕೊಂಡಿದ್ದವು. ಅವಳು ಎರಡನ್ನೂ ಒಟ್ಟಿಗೆ ತಿರುವಿದಳು. ಅಂಟಿಕೊಂಡ ಪುಟದೊಳಗೆ ಏನಿತ್ತೋ ಅದನ್ನೂ ಒಂದಕ್ಷರ ಬಿಡದೆ ಓದಿದಳು! ರಾಗವೂ ಅದೇ. ಆಮೇಲೆ ಒಬ್ಬೊಬ್ಬರನ್ನೇ ಕರೆದು ಕೊನೆಯ ಪುಟದಿಂದ ಓದಿಸಿದೆ. ಮುಕ್ಕಾಲು ಪಾಲು ಮಕ್ಕಳು ತಡವರಿಸಿದರು. ನಾನು ‘ಕೆಂಪು ಮುಗಿಸಿದ್ದಾರೆ’ ಅಂತ ಟಿಕ್ ಹಾಕಿದ್ದೆಲ್ಲ ಬಾಯಿಪಾಠ.

ಇದರಲ್ಲಿ ನಿಜವಾದ ಪೆಟ್ಟು ಬಿದ್ದದ್ದು ಇನ್ನೊಬ್ಬ ಹುಡುಗನಿಗೆ. ಕುರಿ ಕಾಯುವ ಮನೆಯವನು, ಮಾತು ಕಡಿಮೆ. ಬೀರುವಿನಲ್ಲಿ ಹಾವುಗಳ ಬಗ್ಗೆ ಒಂದು ದಪ್ಪ ಪುಸ್ತಕ ಇತ್ತು, ಹಸಿರು ಸ್ಟಿಕ್ಕರ್. ಅದರ ಮುಂದೆ ನಿಂತಿರುತ್ತಿದ್ದ. ‘ಅದು ನಿನಗೆ ಆಮೇಲೆ’ ಅಂತ ಅವನ ಕೈಯಿಂದ ತೆಗೆದು ಗಿಳಿಯ ಪುಸ್ತಕ ಕೊಡುತ್ತಿದ್ದೆ. ಸ್ವಲ್ಪ ದಿನಕ್ಕೆ ಬೀರುವಿನ ಹತ್ತಿರ ಬರೋದನ್ನೇ ಬಿಟ್ಟ. ನಾಲ್ಕನೇ ಕ್ಲಾಸಿಗೆ ಹೋದರೂ ಓದು ಹತ್ತಲಿಲ್ಲ. ಐದಕ್ಕೆ ಬೇರೆ ಊರಿನ ಶಾಲೆಗೆ ಹೋದ. ನನ್ನ ‘ಆಮೇಲೆ’ ಅವನ ಪಾಲಿಗೆ ಬರಲೇ ಇಲ್ಲ.

ಅವನು ಹೋದ ಮೇಲೆ ಒಂದು ದಿನ ಆ ಪುಸ್ತಕ ಬಿಡಿಸಿ ನೋಡಿದೆ. ದಪ್ಪ ಅಕ್ಷರದ ತಲೆಬರಹಗಳು: ನಾಗರಹಾವು. ಕೇರೆಹಾವು. ಕೊಳಕುಮಂಡಲ. ಗರಗಸ ಮಂಡಲ. ಯಾವುದರಲ್ಲೂ ಒಂದೂ ಒತ್ತಕ್ಷರ ಇಲ್ಲ. ಗರಗಸ! ರ ಗ ಸ ದ ಅ ಕಲಿತ ಮೊದಲ ವಾರದಲ್ಲಿ ಅವನೇ ಬೋರ್ಡಿನ ಮೇಲೆ ಓದಿದ್ದ ಪದ. ಕುರಿ ಹಿಂದೆ ಹೋಗೋ ಹುಡುಗ, ಅಷ್ಟೂ ಹಾವನ್ನು ಕಣ್ಣಾರೆ ನೋಡಿರುತ್ತಾನೆ. ಚಿತ್ರ ನೋಡಿದ ಕೂಡಲೇ ಹೆಸರು ನಾಲಿಗೆಗೆ ಬಂದಿರೋದು, ಹೆಸರು ಬಂದ ಮೇಲೆ ಕೆಳಗಿನ ಅಕ್ಷರ ಅದೇನಾ ಅಂತ ಕಣ್ಣು ತಾನಾಗೇ ಹೋಗಿರೋದು. ಓದು ಹೀಗೂ ಹತ್ತುತ್ತೆ. ಗೊತ್ತಿರೋ ವಿಷಯದಿಂದ ಊಹೆ, ಊಹೆ ಸರಿಯಾ ಅಂತ ಅಕ್ಷರ ನೋಡೋದು. ನಾನು ಪುಸ್ತಕದಲ್ಲಿ ಅವನಿಗೆ ಬಾರದ ಅಕ್ಷರ ಎಷ್ಟಿವೆ ಅಂತ ಎಣಿಸಿದೆ. ಅವನಿಗೆ ಬರುವಂಥದ್ದು ಎಷ್ಟಿದೆ ಅಂತ ನೋಡಲಿಲ್ಲ. ಅದಕ್ಕಿಂತ ಹೆಚ್ಚಾಗಿ, ಪಾಠದಲ್ಲಿ ನಾನು ಕಲಿಸೋ ಕ್ರಮವೇ ಲೈಬ್ರರಿಯಲ್ಲೂ ನಡೆಯಬೇಕು ಅಂದುಕೊಂಡೆ. ಹಾಗಾದರೆ ಲೈಬ್ರರಿ ಯಾಕೆ, ಪಠ್ಯಪುಸ್ತಕ ಸಾಕಲ್ಲ?

ಸ್ಟಿಕ್ಕರ್‌ಗಳನ್ನು ಮಕ್ಕಳ ಕೈಲೇ ಕೊಬ್ಬರಿ ಎಣ್ಣೆ ಹಚ್ಚಿ ಉಜ್ಜಿಸಿದೆ. ಕಿಟಕಿಯಿಂದ ಕಿಟಕಿಗೆ ಹಗ್ಗ ಕಟ್ಟಿ ಪುಸ್ತಕಗಳನ್ನು ಮಕ್ಕಳ ಎತ್ತರಕ್ಕೆ ನೇತುಹಾಕಿದೆವು. ಬೀರುವಿನಲ್ಲಿ ಬೆನ್ನು ಮಾತ್ರ ಕಾಣುತ್ತೆ. ಓದು ಬಾರದ ಮಗುವಿಗೆ ಪುಸ್ತಕದ ಬೆನ್ನು ನೋಡಿ ಏನು ಗೊತ್ತಾಗಬೇಕು?

ಎಲ್ಲಕ್ಕಿಂತ ಕೆಲಸ ಮಾಡಿದ್ದು ಬಿಸಿಯೂಟ ಆದ ಮೇಲೆ ದಿನಾ ಒಂದು ಪುಸ್ತಕ ಗಟ್ಟಿಯಾಗಿ ಓದಿ ಹೇಳಿದ್ದು. ಪುಸ್ತಕ ಮಕ್ಕಳ ಕಡೆ ತಿರುಗಿಸಿ, ಸಾಲಿನ ಕೆಳಗೆ ಬೆರಳು ಓಡಿಸುತ್ತಾ. ಅವರು ಅದೇ ಪುಸ್ತಕ ಮತ್ತೆ ಬೇಕು ಅಂದರೆ ಮತ್ತೆ ಅದೇ. ಮತ್ತೆ ಮತ್ತೆ ಬರುವ ಸಾಲು ಇದ್ದರೆ ಅರ್ಧಕ್ಕೆ ನಿಲ್ಲಿಸಿ, ಉಳಿದದ್ದು ಅವರೇ ಕೂಗುತ್ತಾರೆ. ಅರ್ಕಾವತ್ತು ಕಲಿಸಿ ಕಲಿಸಿ ನಾನು ಸುಸ್ತಾಗಿದ್ದೆ. ಬಾಯಲ್ಲಿ ಮೊದಲು ಬರೋ ‘ರ್’ ಬರವಣಿಗೆಯಲ್ಲಿ ಕೊನೆಗೆ ಕೂರುತ್ತೆ, ಮಕ್ಕಳಿಗೆ ಅದೊಂದು ತಲೆನೋವು. ‘ಸೂರ್ಯ ಬಂದ, ಸೂರ್ಯ ಹೋದ’ ಅಂತ ಪುಟಪುಟಕ್ಕೂ ಬರೋ ಒಂದು ಪುಸ್ತಕದಿಂದ ಆ ಹಾಳೆ ಅಂಟಿದ ಹುಡುಗಿ ಅದನ್ನು ತಾನೇ ಹಿಡಿದುಕೊಂಡಳು. ಒಂದು ದಿನ ಕಾಗದದ ಚೂರಿನಲ್ಲಿದ್ದ ‘ಕಾರ್ಯ’ ತೋರಿಸಿ, ‘ಮಿಸ್, ಇದಕ್ಕೂ ಸೂರ್ಯನ ಬಾಲ ಐತೆ’ ಅಂದಳು.

ಬಾಯಿಪಾಠವೇ ತಪ್ಪು ಅಂತ ನಾನು ಹೇಳುತ್ತಿಲ್ಲ. ಇಷ್ಟಪಟ್ಟ ಕಥೆ ಬಾಯಿಗೆ ಬಂದ ಮೇಲೆ ಬೆರಳಿಟ್ಟು ಹೇಳಿಸಿ, ಮಾತು ಒಂದು ಕಡೆ ಬೆರಳು ಒಂದು ಕಡೆ ಹೋದಾಗ ಮಗುವೇ ನಿಂತು ಹಿಂದೆ ಹೋಗುತ್ತೆ. ನನ್ನ ಎಡವಟ್ಟು ಅದನ್ನು ಓದು ಅಂತ ಎಣಿಸಿ ಮುಂದಕ್ಕೆ ಕಳಿಸಿದ್ದು.

ನಿಮ್ಮ ‘ಸುಮ್ನೆ ಚಿತ್ರ ನೋಡ್ತಾರೆ’ ಅನ್ನೋದನ್ನೂ ನಾನು ಒಪ್ಪಲ್ಲ. ಒಂದು ಪೀರಿಯಡ್ ಪಕ್ಕದಲ್ಲಿ ಕೂತು ಗಮನಿಸಿ. ಹಿಂದಿನ ಪುಟಕ್ಕೆ ಹೋಗಿ ಏನೋ ಹುಡುಕುವ ಮಗು, ಪಕ್ಕದವನಿಗೆ ತೋರಿಸಿ ವಾದ ಮಾಡುವ ಮಗು, ಇವರೆಲ್ಲ ಓದಿನ ಕೆಲಸವನ್ನೇ ಮಾಡುತ್ತಿದ್ದಾರೆ. ಗಾಳಿಗೆ ಹಾರಿದಂತೆ ಪುಟ ತಿರುವಿ ಇಡುವವರಿಗೆ ಮಾತ್ರ ನಿಮ್ಮ ಸಹಾಯ ಬೇಕು. ಅವರಿಗೂ ಬೇಕಾಗಿರೋದು ಸುಲಭದ ಪುಸ್ತಕ ಅಲ್ಲ, ಜೊತೆಗೆ ಕೂರುವ ಒಬ್ಬರು. ಮೂರನೇ ಕ್ಲಾಸಿನವರನ್ನು ಜೊತೆ ಮಾಡಿ ಕೂರಿಸಿದರೆ ಸಾಕು. ಮುಗಿದ ಮೇಲೆ ‘ಕಥೆಯ ನೀತಿ ಏನು?’ ಅಂತ ದಯವಿಟ್ಟು ಕೇಳಬೇಡಿ. ಸಾರಾಂಶ ಬರೆಸೋದಂತೂ ಬೇಡವೇ ಬೇಡ.

ಲೆವೆಲ್ ಅನ್ನೋದೇ ದಂಡ ಅಂತಲ್ಲ. ಮಕ್ಕಳ ಪುಸ್ತಕ ಪ್ರಕಟಿಸುವ ಪ್ರಥಮ್ ಬುಕ್ಸ್‌ನವರು ತಮ್ಮ ಪುಸ್ತಕಗಳಿಗೆ ಒಂದರಿಂದ ನಾಲ್ಕರವರೆಗೆ ಹಂತ ಕೊಟ್ಟಿರುತ್ತಾರೆ. ಪುಸ್ತಕ ತರಿಸುವಾಗ ನಿಮಗೆ ಉಪಯೋಗ, ಮಗುವಿನ ಕೈ ತಡೆಯೋಕಲ್ಲ. ಸರ್ಕಾರದ ಸಮಗ್ರ ಶಿಕ್ಷಣ ಯೋಜನೆಯಲ್ಲಿ ಕಿರಿಯ ಪ್ರಾಥಮಿಕ ಶಾಲೆಗೆ 5,000 ರೂಪಾಯಿವರೆಗೆ ಲೈಬ್ರರಿ ಅನುದಾನಕ್ಕೆ ಅವಕಾಶ ಇದೆ, ಆಯ್ಕೆ ನಿಮ್ಮ ಕೈಲಿದ್ದರೆ ಎಲ್ಲ ಹಂತದ್ದೂ ತರಿಸಿ. ದುಡ್ಡಿಲ್ಲದಿದ್ದರೆ 2015ರಿಂದ ಇರುವ ಪ್ರಥಮ್ ಬುಕ್ಸ್‌ನವರದೇ ಸ್ಟೋರಿವೀವರ್ ವೆಬ್‌ಸೈಟಿನಲ್ಲಿ ಕನ್ನಡದ ಚಿತ್ರಪುಸ್ತಕಗಳು ಉಚಿತ, ಪ್ರಿಂಟ್ ತೆಗೆದು ಪಿನ್ ಹೊಡೆಯಬಹುದು.

ಪುಸ್ತಕ ಮನೆಗೂ ಕಳಿಸಿ. ಹರಿದು ಬರುತ್ತೆ, ಕೆಲವು ಬರೋದೇ ಇಲ್ಲ. ‘ಹೋದರೆ ನಿಮ್ಮ ಸಂಬಳದಿಂದ’ ಅಂತ ನಮ್ಮ ಹೆಡ್‌ಮಾಸ್ಟರೂ ಹೆದರಿಸಿದ್ದರು. ಹರಿದದ್ದಕ್ಕೆ ಮಕ್ಕಳ ಕೈಲೇ ಟೇಪ್ ಹಚ್ಚಿಸಿ, ಹಳೆಯದನ್ನು ನಿಯಮದ ಪ್ರಕಾರ ಸ್ಟಾಕ್ ರಿಜಿಸ್ಟರಿನಿಂದ ತೆಗೆಸೋಕೆ ವರ್ಷದ ಕೊನೆಗೆ ಕೇಳಿ.

ಬೇಸಿಗೆ ರಜೆಗೆ ಗ್ರಾಮ ಪಂಚಾಯಿತಿ ಲೈಬ್ರರಿ ಇದೆ. 2020ರಲ್ಲಿ ಶುರುವಾದ ‘ಓದುವ ಬೆಳಕು’ ಕಾರ್ಯಕ್ರಮದಲ್ಲಿ ಮಕ್ಕಳಿಗೆ ಅಲ್ಲಿ ಉಚಿತ ಸದಸ್ಯತ್ವ ಕೊಟ್ಟರು. ಮೊದಲ ಸಲ ನೀವೇ ಕರೆದುಕೊಂಡು ಹೋಗಿ. ಪೇಪರ್ ಓದುತ್ತಾ ಕೂತಿರೋ ದೊಡ್ಡವರನ್ನು ನೋಡಿ ಸಣ್ಣ ಮಕ್ಕಳು ಬಾಗಿಲಲ್ಲೇ ವಾಪಸ್ ಬಂದುಬಿಡುತ್ತಾರೆ.