ತಲ್ಬೀನಾ ಗಂಟು ಕಟ್ಟದಿರಲು

ತಲ್ಬೀನಾ, ಅಂದರೆ ಹಾಲು ಹಾಕಿದ ಬಾರ್ಲಿ ಹಿಟ್ಟಿನ ಗಂಜಿ, ಯಾಕೆ ಗಂಟಾಯ್ತು ಅಂತ ಕೇಳಿದ್ದೀರಿ. ಬಿಸಿ ಹಾಲಿಗೆ ನೇರವಾಗಿ ಬಾರ್ಲಿ ಹಿಟ್ಟು ಸುರಿದಿದ್ದೀರಿ ಅನ್ಸುತ್ತೆ, ಗಂಟಾಗಿದ್ದು ಅದಕ್ಕೇ. ಎರಡು ದೊಡ್ಡ ಚಮಚ ಹಿಟ್ಟನ್ನು ಮೊದಲು ಒಂದು ಲೋಟ ತಣ್ಣೀರಲ್ಲಿ ಕದಡಿ. ಸಣ್ಣ ಉರಿಯಲ್ಲಿ ಕೈಯಾಡಿಸುತ್ತಾ 10-15 ನಿಮಿಷ ಬೇಯಿಸಿ. ಹಿಟ್ಟು ತರಿಯಾಗಿದ್ದರೆ ಇನ್ನೂ ಜಾಸ್ತಿ ಹೊತ್ತು ಬೇಕಾಗಬಹುದು. ಹಸಿ ವಾಸನೆ ಹೋದಮೇಲೆ ಒಂದು ಲೋಟ ಹಾಲು ಸೇರಿಸಿ, ಇಳಿಸಿ ಸ್ವಲ್ಪ ಆರಿದಮೇಲೆ ಜೇನು. ಹಾಲಿನ ಹಾಗೆ ತೆಳ್ಳಗೇ ಇರಲಿ, ಹೆಸರು ಬಂದಿದ್ದೇ ಅರಬಿಯ ‘ಲಬನ್’, ಅಂದರೆ ಹಾಲು ಅನ್ನೋ ಪದದಿಂದ ಅಲ್ವಾ.

ಅಪ್ಪ ತೀರಿಕೊಂಡ ಮೇಲೆ ಅಮ್ಮ ಊಟವನ್ನೇ ಬಿಟ್ಟಿದ್ದಾರೆ, ಇದರಿಂದ ಸರಿಹೋಗ್ತಾರಾ ಅಂತ ಕೇಳಿದ್ದೀರಿ. ಬುಖಾರಿ ಹದೀಸ್‌ನಲ್ಲಿ (ಪ್ರವಾದಿ ಮುಹಮ್ಮದರ ನುಡಿಗಳ ಸಂಗ್ರಹ) ಅವರ ಪತ್ನಿ ಆಯಿಶಾ ಅವರು ತಿಳಿಸಿರುವ ಪ್ರವಾದಿಯವರ ಮಾತು, ಇದು ದುಃಖವನ್ನು ‘ಸ್ವಲ್ಪ’ ಕಳೆಯುತ್ತದೆ ಅಂತ. ಆ ‘ಸ್ವಲ್ಪ’ ಗಮನಿಸಿ. ಒತ್ತಾಯ ಬೇಡ, ಅರ್ಧ ಲೋಟ ಕೊಟ್ಟು ಜೊತೆಗೆ ಕೂತುಕೊಳ್ಳಿ. ಎರಡು ದಿನದಲ್ಲೂ ಏನೂ ಸೇರದಿದ್ದರೆ ಡಾಕ್ಟರಿಗೆ ತೋರಿಸಿ. ಸಕ್ಕರೆ ಕಾಯಿಲೆ ಇದ್ದರೆ ಜೇನು ಬಿಟ್ಟುಬಿಡಿ.