ಸೀಲಿಂಗಿನಿಂದ ಇಳಿಬಿಟ್ಟ ದೀಪದ ಸಾಲು: ಓದುಗರ ಪ್ರಶ್ನೆಗಳಿಗೆ ಉತ್ತರ

ಕಚೇರಿ, ಷೋರೂಮ್, ಬ್ಯಾಂಕ್ ಶಾಖೆ ಎಲ್ಲಿ ನೋಡಿದರೂ ಈಗ ತೆಳ್ಳನೆಯ ಉಕ್ಕಿನ ತಂತಿಯಲ್ಲಿ ಇಳಿಬಿಟ್ಟ ಉದ್ದನೆಯ ಎಲ್‌ಇಡಿ ಪ್ರೊಫೈಲ್‌ಗಳೇ, ಅಂದರೆ ಒಳಗೆ ಎಲ್‌ಇಡಿ ಕೂರಿಸಿದ ಅಲ್ಯೂಮಿನಿಯಂ ಪಟ್ಟಿಗಳೇ. ಈ ಸಲ ಬಂದ ಪ್ರಶ್ನೆಗಳಲ್ಲೂ ಅವುಗಳದ್ದೇ ಮೇಲುಗೈ. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟು ಸೇರಿಸಿ ಉತ್ತರಿಸಿದ್ದೇವೆ.

ಪ್ರಶ್ನೆ (ಎಲೆಕ್ಟ್ರಿಕಲ್ ಗುತ್ತಿಗೆದಾರರು, ಹುಬ್ಬಳ್ಳಿ): ಬ್ಯಾಂಕ್ ಶಾಖೆಯೊಂದರ ಹಾಲ್‌ನಲ್ಲಿ 12 ಮೀಟರ್ ಉದ್ದದ ಒಂದೇ ಸಾಲು ಹಾಕಿದ್ದೇವೆ. 3 ಮೀಟರಿನ ನಾಲ್ಕು ಪ್ರೊಫೈಲ್. ಪ್ರತಿ ತುಂಡಿಗೂ ಸ್ಪಿರಿಟ್ ಲೆವೆಲ್ ಇಟ್ಟು ನೋಡಿದ್ದೇವೆ. ಆದರೂ ಬಾಗಿಲಲ್ಲಿ ನಿಂತು ನೋಡಿದರೆ ಹಾವಿನ ಹಾಗೆ ಕಾಣುತ್ತದೆ. ತಂತಿ ಎಳೆದು ಸರಿಮಾಡಲು ಹೋದರೆ ಜಾಯಿಂಟ್ ಬಾಯಿ ಬಿಡುತ್ತದೆ. ಏನು ಮಾಡುವುದು?

ಉತ್ತರ: ಸಾಲು ಸೊಟ್ಟಗಾಗುವುದು ಎರಡು ಬಗೆಯಲ್ಲಿ: ಮೇಲೆ-ಕೆಳಗೆ ಒಂದು, ಎಡಕ್ಕೆ-ಬಲಕ್ಕೆ ಇನ್ನೊಂದು. ಸ್ಪಿರಿಟ್ ಲೆವೆಲ್ ತೋರಿಸುವುದು ಮೊದಲನೆಯದನ್ನು ಮಾತ್ರ, ಅದನ್ನೂ ಅರೆಬರೆಯಾಗಿ. ಸಾಧಾರಣ ಲೆವೆಲ್‌ನಲ್ಲಿ ಮೀಟರಿಗೆ ಅರ್ಧದಿಂದ ಒಂದು ಮಿ.ಮೀ. ವ್ಯತ್ಯಾಸ ಇದ್ದೇ ಇರುತ್ತದೆ. ತುಂಡಿನಿಂದ ತುಂಡಿಗೆ ಅದೇ ದಿಕ್ಕಿನಲ್ಲಿ ಕೂಡುತ್ತ ಹೋದರೆ 12 ಮೀಟರಿನ ಕೊನೆಗೆ 6ರಿಂದ 12 ಮಿ.ಮೀ. ಏರುಪೇರು. ಹಾಗಾಗಿ ತುಂಡು ತುಂಡಾಗಿ ಮಟ್ಟ ನೋಡುವ ಅಭ್ಯಾಸ ಬಿಡಿ. ಇಡೀ ಸಾಲಿಗೆ ಒಂದೇ ಲೇಸರ್ ಗೆರೆ ಇರಬೇಕು. ಲೇಸರ್ ಇಲ್ಲವೆಂದರೆ ಗೋಡೆಯಿಂದ ಗೋಡೆಗೆ ಬಿಗಿಯಾಗಿ ಕಟ್ಟಿದ ನೈಲಾನ್ ದಾರವನ್ನು ಅಡ್ಡಸಾಲಿಗೆ ನಂಬಬಹುದು. ಮಟ್ಟಕ್ಕೆ ಮಾತ್ರ ನಂಬಬೇಡಿ, ಉದ್ದ ದಾರ ನಡುವೆ ಜೋತು ಬೀಳುತ್ತದೆ.

ನಿಮ್ಮ ಹಾಲ್‌ನಲ್ಲಿ ಹಾವು ಕಾಣಿಸುತ್ತಿರುವುದು ಬಹುಪಾಲು ಅಡ್ಡದ ಸೊಟ್ಟಿನಿಂದ. ಅದರ ಮೂಲ ದೀಪದಲ್ಲಿಲ್ಲ, ಸ್ಲ್ಯಾಬ್‌ನ ತೂತಿನಲ್ಲಿದೆ. ತಂತಿ ಯಾವಾಗಲೂ ತೂತಿನಿಂದ ನೇರ ಕೆಳಗೆ ಇಳಿಯುತ್ತದೆ. ತೂತು 6 ಮಿ.ಮೀ. ಪಕ್ಕಕ್ಕೆ ಸರಿದಿದ್ದರೆ ದೀಪವೂ ಅಷ್ಟೇ ಸರಿಯುತ್ತದೆ. ಡ್ರಿಲ್ ಬಿಟ್‌ಗೆ ಜಲ್ಲಿ ಸಿಕ್ಕಿದರೆ ಮೊನೆ 4–5 ಮಿ.ಮೀ. ಜಾರುವುದು ಮಾಮೂಲು. ಅದಕ್ಕೆ ಮೊದಲು 5 ಮಿ.ಮೀ. ಬಿಟ್‌ನಿಂದ ಸಣ್ಣ ಗುಳಿ ಮಾಡಿಕೊಂಡು, ಆಮೇಲೆ ಎಂ6 ಆಂಕರ್‌ಗೆ (ತೂತಿನೊಳಗೆ ಬಿಗಿಯಾಗಿ ಕೂತು ಭಾರ ಹೊರುವ ಲೋಹದ ಕೊಳವೆ) ಬೇಕಾದ 8 ಮಿ.ಮೀ. ಬಿಟ್ ಹಾಕಬೇಕು. ಕಬ್ಬಿಣದ ಸರಳು ಅಡ್ಡ ಬಂದರೆ ಗೆರೆಯ ಉದ್ದಕ್ಕೆ ಮುಂದೆಯೋ ಹಿಂದೆಯೋ ಸರಿಯಿರಿ, ಪಕ್ಕಕ್ಕೆ ಬೇಡ. ಉದ್ದಕ್ಕೆ 3–4 ಸೆಂ.ಮೀ. ಸರಿದರೆ ಪ್ರೊಫೈಲ್ ಮೇಲಿನ ಉದ್ದ ತೋಡಿನಲ್ಲಿ ಕೊಂಡಿಯನ್ನೂ ಅಷ್ಟೇ ಸರಿಸಿದರಾಯಿತು, ಯಾರಿಗೂ ತಿಳಿಯುವುದಿಲ್ಲ. ಪಕ್ಕಕ್ಕೆ 3 ಮಿ.ಮೀ. ಸರಿದರೂ ಬಾಗಿಲಲ್ಲಿ ನಿಂತವರ ಕಣ್ಣಿಗೆ ಬೀಳುತ್ತದೆ.

ಗೆರೆಯನ್ನು ನೆಲದ ಮೇಲೆ ಮೊದಲು ಹಾಕಿಕೊಂಡು ಲೇಸರ್‌ನಿಂದ ಮೇಲಕ್ಕೆ ಒಯ್ಯಿರಿ. ನೆಲದಲ್ಲಿ ಅಳತೆ ಹಿಡಿಯುವುದು, ತಿದ್ದುವುದು ಎರಡೂ ಸುಲಭ. ಗೆರೆಯನ್ನು ಯಾವುದಕ್ಕೆ ಸಮಾನಾಂತರವಾಗಿ ಎಳೆಯುವುದು ಎಂಬ ಪ್ರಶ್ನೆಯೂ ಇದೆ. 2×2 ಅಡಿ ಟೈಲ್‌ನ ಗ್ರಿಡ್ ಸೀಲಿಂಗ್ ಇದ್ದು ಅದು ಗೋಡೆಗೆ ತುಸು ಓರೆಯಾಗಿದ್ದರೆ, ನಮ್ಮ ಮತ ಗ್ರಿಡ್‌ನ ಪರ. ದೀಪದ ಪಕ್ಕದಲ್ಲೇ ಗ್ರಿಡ್ ಇರುವುದರಿಂದ ಕಣ್ಣು ಅದರೊಂದಿಗೇ ಹೋಲಿಸುತ್ತದೆ. ದೂರದ ಗೋಡೆಯ ಲೆಕ್ಕ ಯಾರೂ ಇಡುವುದಿಲ್ಲ.

12 ಮೀಟರ್ ಸಾಲಿಗೆ ಒಂಬತ್ತು ತೂಗು ಬಿಂದುಗಳಿರಲಿ, ಸುಮಾರು ಒಂದೂವರೆ ಮೀಟರಿಗೆ ಒಂದು. ಪ್ರತಿ ಜಾಯಿಂಟ್‌ನಿಂದ 15–20 ಸೆಂ.ಮೀ. ಒಳಗೆ ಒಂದು ತಂತಿ ಬರಲೇಬೇಕು. ಜಾಯಿಂಟ್ ಗಾಳಿಯಲ್ಲಿ ನಿಂತರೆ ತುಂಡುಗಳನ್ನು ಸೇರಿಸುವ ಕನೆಕ್ಟರ್ ಎಷ್ಟೇ ಗಟ್ಟಿಯಿದ್ದರೂ ಕೆಲವೇ ತಿಂಗಳಲ್ಲಿ ಅಲ್ಲಿ ಜಗ್ಗುತ್ತದೆ. ಒಂಟಿಯಾಗಿ ತೂಗುವ 3 ಮೀಟರ್ ತುಂಡಾದರೆ ಲೆಕ್ಕ ಬೇರೆ: ಎರಡೂ ತುದಿಯಿಂದ ಸುಮಾರು 65 ಸೆಂ.ಮೀ. ಒಳಗೆ ಹಿಡಿದರೆ ಬಾಗು ಅತಿ ಕಡಿಮೆ.

ಇನ್ನು ಕ್ರಮ. ಗ್ರಬ್ ಸ್ಕ್ರೂಗಳನ್ನು (ಕನೆಕ್ಟರನ್ನು ಹಿಡಿದಿಡುವ ತಲೆಯಿಲ್ಲದ ಸಣ್ಣ ಸ್ಕ್ರೂ) ಮೊದಲೇ ಬಿಗಿದು ಆಮೇಲೆ ಮಟ್ಟ ಹಿಡಿಯಲು ಹೋಗಿರುವುದೇ ನಿಮ್ಮ ಜಾಯಿಂಟ್ ಬಾಯಿ ಬಿಡಲು ಕಾರಣ. ಎಲ್ಲ ತುಂಡುಗಳನ್ನೂ ತೂಗುಹಾಕಿ, ಕನೆಕ್ಟರ್ ತೂರಿಸಿ, ಸ್ಕ್ರೂ ಬೆರಳಲ್ಲಿ ತಿರುಗಿಸಿದಷ್ಟೇ ಬಿಡಿ. ಎರಡು ತುದಿಗಳನ್ನು ಲೇಸರ್‌ಗೆ ಸರಿಯಾಗಿ ನಿಲ್ಲಿಸಿ. ನಡುವಿನ ಬಿಂದುಗಳನ್ನು ಬೇಕೆಂದೇ ಸ್ವಲ್ಪ ಕೆಳಗಿಟ್ಟು, ಒಂದೊಂದಾಗಿ ಮೇಲಕ್ಕೆತ್ತಿ ಗೆರೆಗೆ ತನ್ನಿ. ಬೇಕಾದ ಎತ್ತರಕ್ಕೆ ಕಚ್ಚಿ ಹಿಡಿಯುವ ಗ್ರಿಪ್ಪರ್‌ನಲ್ಲಿ ತಂತಿ ಕೆಳಗಿಳಿಸಿ ನಿಲ್ಲಿಸಿದರೆ ಅದು ಭಾರ ಹೊರದೆ ಸಡಿಲವಾಗಿಯೇ ಉಳಿಯಬಹುದು. ಎತ್ತಿ ತಂದ ತಂತಿ ಬಿಗಿಯಾಗಿರುತ್ತದೆ. ಕೊನೆಗೆ ಪ್ರತಿ ತಂತಿಯನ್ನೂ ಬೆರಳಿನಿಂದ ಮೀಟಿ ನೋಡಿ. ಒಂದು ತಂತಿ ಲೊಳಲೊಳ ಎಂದರೆ ಅದರ ಪಾಲಿನ ಭಾರ ಪಕ್ಕದ ಎರಡರ ಮೇಲೆ ಬಿದ್ದಿದೆ ಎಂದೇ ಅರ್ಥ. ಇಷ್ಟಾದ ಮೇಲೆ ನಡುವಿನ ಜಾಯಿಂಟ್‌ನಿಂದ ಶುರುಮಾಡಿ ತುದಿಗಳ ಕಡೆಗೆ ಅಲೆನ್ ಕೀಯಿಂದ ಬಿಗಿಯುತ್ತ ಹೋಗಿ, ಮತ್ತೊಮ್ಮೆ ಲೇಸರ್ ಹಾಯಿಸಿ.

ಆಮೇಲೂ ಜಾಯಿಂಟ್‌ನಲ್ಲಿ ಸಂದು ಉಳಿದರೆ ಕತ್ತರಿಸಿದ ತುದಿಯನ್ನು ನೋಡಿ. ಸೈಟ್‌ನಲ್ಲಿ ಕತ್ತರಿಸುವಾಗ ಅರ್ಧ ಡಿಗ್ರಿ ಓರೆಯಾದರೂ 75 ಮಿ.ಮೀ. ಅಗಲದ ಪ್ರೊಫೈಲ್‌ನಲ್ಲಿ ಒಂದು ಬದಿಗೆ 0.65 ಮಿ.ಮೀ. ಸಂದು ಬರುತ್ತದೆ, ಬೆಳಕು ಹೊತ್ತಿದಾಗ ಅದು ಎದ್ದು ಕಾಣುತ್ತದೆ. ಸೈಟ್‌ನಲ್ಲಿ ಕತ್ತರಿಸಿದ ತುದಿ ಸಾಲಿನ ಕೊನೆಗೆ, ಎಂಡ್ ಕ್ಯಾಪ್ ಒಳಗೆ ಹೋಗಲಿ. ಕಾರ್ಖಾನೆಯಲ್ಲಿ ಕತ್ತರಿಸಿದ ತುದಿಗಳು ಪರಸ್ಪರ ಸೇರಲಿ.

ಈಗಾಗಲೇ ಹಾಕಿರುವುದನ್ನು ಸರಿಮಾಡಲು ಎಲ್ಲ ಗ್ರಬ್ ಸ್ಕ್ರೂ ಸಡಿಲಿಸಿ ಮೇಲಿನ ಕ್ರಮವನ್ನೇ ಮತ್ತೆ ಮಾಡಿ. ಪಕ್ಕಕ್ಕೆ ಸರಿದ ತೂತುಗಳನ್ನು ಮಾತ್ರ ಎಳೆದು ಸರಿಮಾಡಲಾಗದು. ಹಳೆಯದನ್ನು ಗ್ರೌಟ್‌ನಿಂದ ಮುಚ್ಚಿ, ಗೆರೆಯ ಮೇಲೇ ಕನಿಷ್ಠ 5 ಸೆಂ.ಮೀ. ದೂರದಲ್ಲಿ ಹೊಸ ತೂತು ಹಾಕಬೇಕು.

ಪ್ರಶ್ನೆ (ಬೇಕರಿ ಮಾಲೀಕರು, ಮಂಗಳೂರು): ದೀಪ ಹಗುರವಾಗಿದೆ. ಜಿಪ್ಸಮ್ ಫಾಲ್ಸ್ ಸೀಲಿಂಗ್‌ಗೇ ಸ್ಕ್ರೂ ಹಾಕಿ ತೂಗುಹಾಕಬಹುದೇ?

ಉತ್ತರ: ಬೇಡ. ಬೋರ್ಡ್ ದಪ್ಪ 12.5 ಮಿ.ಮೀ., ಸ್ಕ್ರೂ ಹಿಡಿಯುವುದು ಸುಣ್ಣದಂಥ ಪುಡಿಯನ್ನು. ಕರಾವಳಿಯ ತೇವಕ್ಕೆ, ಒಲೆಯ ಬಿಸಿಗೆ ಅದು ಇನ್ನೂ ಮೆತ್ತಗಾಗುತ್ತದೆ. ಸ್ಲ್ಯಾಬ್‌ಗೆ ಆಂಕರ್ ಹೊಡೆದು 6 ಮಿ.ಮೀ. ಜಿಐ ಥ್ರೆಡ್ ರಾಡ್ ಇಳಿಸಿ, ಬೋರ್ಡ್‌ನ ತೂತಿನ ಮೂಲಕ ಕೆಳಗೆ ತಂದು ಅದಕ್ಕೆ ತಂತಿ ಕಟ್ಟಿಸಿ. ಬೋರ್ಡ್ ಮೇಲೆ ಕೂರುವುದು ತೂತು ಮುಚ್ಚುವ ಕಪ್ ಮಾತ್ರ.

ಇದನ್ನೇ ಬೆಂಗಳೂರಿನ ಟೆಕ್ ಪಾರ್ಕ್ ಒಂದರಿಂದ ಕೇಳಿದವರಿಗೆ ಒಂದು ಎಚ್ಚರಿಕೆ. ಕಟ್ಟಡದ್ದು ಪೋಸ್ಟ್ ಟೆನ್ಷನ್ ಸ್ಲ್ಯಾಬ್ ಆಗಿದ್ದರೆ ಒಳಗೆ ಬಿಗಿದ ಉಕ್ಕಿನ ಕೇಬಲ್‌ಗಳಿರುತ್ತವೆ. ಅವು ಕಂಬಗಳ ಬಳಿ ಮೇಲೆ, ಎರಡು ಕಂಬಗಳ ನಡುವೆ ಸ್ಲ್ಯಾಬ್‌ನ ಕೆಳಮೈಗೆ ಹತ್ತಿರ ಹಾದುಹೋಗುತ್ತವೆ. ಅಂದರೆ ಹಾಲ್‌ನ ನಡುಮಧ್ಯದಲ್ಲಿ, ದೀಪದ ಸಾಲು ಬರುವ ಕಡೆಯಲ್ಲೇ, ಅಪಾಯ ಹೆಚ್ಚು. ಕಟ್ಟಡದ ನಿರ್ವಹಣೆಯವರಿಂದ ಕೇಬಲ್ ನಕ್ಷೆಯನ್ನೂ ಎಷ್ಟು ಆಳ ಕೊರೆಯಬಹುದೆಂಬ ಲಿಖಿತ ಅನುಮತಿಯನ್ನೂ ಪಡೆಯದೆ ಡ್ರಿಲ್ ಕೈಗೆತ್ತಿಕೊಳ್ಳಬೇಡಿ. ಎಂ6 ಡ್ರಾಪ್-ಇನ್ ಆಂಕರ್‌ಗೆ 25–30 ಮಿ.ಮೀ. ಆಳ ಸಾಕು. ಬಿಟ್‌ಗೆ ಡೆಪ್ತ್ ಸ್ಟಾಪ್ ಹಾಕಿಕೊಳ್ಳಿ, ಕಣ್ಣಂದಾಜು ಬೇಡ.

ಪ್ರಶ್ನೆ (ಎಲೆಕ್ಟ್ರಿಷಿಯನ್, ಮೈಸೂರು): ಸೂಪರ್ ಮಾರ್ಕೆಟ್‌ನಲ್ಲಿ ಒಂದೇ ಉದ್ದ ಸಾಲಿಗೆ 5 ಕೋರ್ ಕೇಬಲ್ ಎಳೆದು ದೀಪಗಳನ್ನು ಮೂರು ಫೇಸ್‌ಗೆ ಹಂಚಿದ್ದೆವು. ಚೆನ್ನಾಗಿಯೇ ಇತ್ತು. ಒಂದು ದಿನ ಇದ್ದಕ್ಕಿದ್ದಂತೆ ಕೆಲವು ದೀಪ ಮಿನುಗಿ, ಏಳು ಡ್ರೈವರ್ (ಎಲ್‌ಇಡಿಗೆ ತಕ್ಕ ವಿದ್ಯುತ್ ಒದಗಿಸುವ ಪೆಟ್ಟಿಗೆ) ಒಟ್ಟಿಗೇ ಸುಟ್ಟವು. ಎಂಸಿಬಿ (ಕರೆಂಟ್ ಮಿತಿ ಮೀರಿದರೆ ತಾನಾಗಿ ಆಫ್ ಆಗುವ ಸ್ವಿಚ್) ಬೀಳಲೇ ಇಲ್ಲ.

ಉತ್ತರ: ನೀವು ಹೇಳುವ ಲಕ್ಷಣಗಳೆಲ್ಲ ನ್ಯೂಟ್ರಲ್ ಬಿಟ್ಟಿರುವುದನ್ನೇ ತೋರಿಸುತ್ತವೆ. ಮೂರು ಫೇಸ್‌ಗೂ ಒಂದೇ ನ್ಯೂಟ್ರಲ್ ಇದ್ದು ಅದು ಸಾಲಿನ ನಡುವೆ ಎಲ್ಲೋ ಕಳಚಿದರೆ, ಆಚೆಯ ದೀಪಗಳು ಎರಡು ಫೇಸ್‌ಗಳ ನಡುವೆ ಸರಣಿಯಲ್ಲಿ ಸಿಕ್ಕಿಬೀಳುತ್ತವೆ. 415 ವೋಲ್ಟ್ ಅವುಗಳ ನಡುವೆ ಹಂಚಿಹೋಗುತ್ತದೆ, ಅದೂ ಸಮನಾಗಿ ಅಲ್ಲ. ಯಾವ ಫೇಸ್‌ನಲ್ಲಿ ದೀಪ ಕಡಿಮೆಯೋ ಅಲ್ಲಿ ವೋಲ್ಟೇಜ್ ಹೆಚ್ಚು. 240 ವೋಲ್ಟ್‌ಗೆಂದು ಮಾಡಿದ ಡ್ರೈವರ್ ಅದನ್ನು ತಡೆಯದು. ಕರೆಂಟ್ ಮಿತಿಯೊಳಗೇ ಇರುವುದರಿಂದ ಎಂಸಿಬಿಗೆ ಇದು ಗೊತ್ತೇ ಆಗುವುದಿಲ್ಲ.

ಹುಡುಕಬೇಕಾದ್ದು ಸಪ್ಲೈ ಕಡೆಯಿಂದ ಮೊದಲು ಸಿಗುವ ಸುಟ್ಟ ದೀಪದ ಹಿಂದಿನ ಜಾಯಿಂಟ್‌ನಲ್ಲಿ. ಪುಷ್-ಇನ್ ಕನೆಕ್ಟರ್ ಆದರೆ ಅದರ ಮೈಮೇಲೆ ಬರೆದಷ್ಟೇ ಉದ್ದ ಇನ್ಸುಲೇಷನ್ ಸುಲಿದಿರಬೇಕು, ಸಾಮಾನ್ಯವಾಗಿ 8–9 ಮಿ.ಮೀ. ಕಡಿಮೆಯಾದರೆ ಸ್ಪ್ರಿಂಗ್ ಇನ್ಸುಲೇಷನ್ ಮೇಲೆ ಕೂರುತ್ತದೆ. ಎಳೆಎಳೆಯಾದ ಫ್ಲೆಕ್ಸಿಬಲ್ ವೈರಿಗೆ ಫೆರೂಲ್ (ಎಳೆಗಳನ್ನು ಒಟ್ಟು ಹಿಡಿಯುವ ಲೋಹದ ಟೊಪ್ಪಿಗೆ) ಹಾಕದೆ ತೂರಿಸಿದರೆ ಅರ್ಧ ಎಳೆಗಳು ಹೊರಗೇ ಉಳಿಯುತ್ತವೆ. ಪ್ರತಿ ವೈರನ್ನೂ ಹಾಕಿದ ಮೇಲೆ ಒಮ್ಮೆ ಜಗ್ಗಿ ನೋಡಿ. ನ್ಯೂಟ್ರಲ್ ಅನ್ನು ಡ್ರೈವರ್‌ನ ಟರ್ಮಿನಲ್‌ನಲ್ಲಿ ಒಳಗೆ-ಹೊರಗೆ ಲೂಪ್ ಮಾಡಬೇಡಿ. ಮುಖ್ಯ ನ್ಯೂಟ್ರಲ್ ಕಡಿಯದೆ ಸಾಗಲಿ, ಅದರಿಂದ ಡ್ರೈವರ್‌ಗೆ ಕವಲು ತೆಗೆಯಿರಿ. ಹಾಗಿದ್ದರೆ ಡ್ರೈವರ್ ಬದಲಿಸುವವನು ಅರಿಯದೆ ಇಡೀ ಸಾಲಿನ ನ್ಯೂಟ್ರಲ್ ಬಿಚ್ಚುವ ಸಂದರ್ಭ ಬರುವುದಿಲ್ಲ. ಜೋಡಿಸುವಾಗ ನ್ಯೂಟ್ರಲ್ ಮೊದಲು, ಬಿಚ್ಚುವಾಗ ಕೊನೆಗೆ. ಸಾಲಿನ ಒಟ್ಟು ಹೊರೆ ಎರಡು ಕಿಲೋವಾಟ್‌ಗಿಂತ ಕಡಿಮೆಯಿದ್ದರೆ ಮೂರು ಫೇಸ್‌ನ ಉಸಾಬರಿಯೇ ಬೇಡ. ಒಂದು ಸಾಲಿಗೆ ಒಂದು ಫೇಸ್ ಕೊಡಿ, ಸಾಲುಗಳನ್ನು ಫೇಸ್‌ಗಳಿಗೆ ಹಂಚಿ.

ಅರ್ಥಿಂಗ್ ಬಗ್ಗೆಯೂ ಇಲ್ಲೇ ಹೇಳಿಬಿಡುತ್ತೇವೆ. ಆನೊಡೈಸ್ ಮಾಡಿದ ಅಥವಾ ಪೌಡರ್ ಕೋಟಿಂಗ್ ಇರುವ ಅಲ್ಯೂಮಿನಿಯಂ ಮೇಲ್ಮೈ ಕರೆಂಟ್ ಹರಿಯಲು ಬಿಡುವುದಿಲ್ಲ. ತುಂಡುಗಳು ಒಂದಕ್ಕೊಂದು ತಾಗಿವೆ ಎಂದಮಾತ್ರಕ್ಕೆ ಅರ್ಥ್ ಮುಂದೆ ಸಾಗದು. ಪ್ರತಿ ತುಂಡಿಗೂ ಹಸಿರು ವೈರ್, ಬಣ್ಣ ಕೊರೆದು ಒಳಲೋಹ ಮುಟ್ಟುವ ಸ್ಟಾರ್ ವಾಷರ್ ಬೇಕು. ಕೆಲಸ ಮುಗಿದ ಮೇಲೆ ಡಿಬಿಯ (ಎಂಸಿಬಿಗಳಿರುವ ಪೆಟ್ಟಿಗೆ) ಅರ್ಥ್ ಬಾರ್‌ನಿಂದ ಕೊನೆಯ ತುಂಡಿನ ಮೈಗೆ ರೆಸಿಸ್ಟೆನ್ಸ್ ಅಳೆಯಿರಿ. 1.5 ಸ್ಕ್ವೇರ್ ಎಂಎಂ ತಾಮ್ರದ ವೈರ್ 30 ಮೀಟರಿಗೆ ಕೊಡುವುದು ಸುಮಾರು 0.4 ಓಮ್. ಮೀಟರ್ ಒಂದು ಓಮ್ ದಾಟಿ ತೋರಿಸಿದರೆ ಎಲ್ಲೋ ಒಂದು ಜಾಯಿಂಟ್ ಕೆಟ್ಟಿದೆ.

ಪ್ರಶ್ನೆ (ಕಚೇರಿ ಮೇಲ್ವಿಚಾರಕರು, ಬೆಳಗಾವಿ): 40 ವಾಟ್‌ನ 20 ದೀಪ ಒಂದೇ 6 ಆಂಪ್ಸ್ ಎಂಸಿಬಿ ಮೇಲಿವೆ. ಬೆಳಿಗ್ಗೆ ಸ್ವಿಚ್ ಹಾಕಿದ ತಕ್ಷಣ ಎಂಸಿಬಿ ಬೀಳುತ್ತದೆ, ಎರಡು ಮೂರು ಸಲ ಏರಿಸಿದರೆ ನಿಲ್ಲುತ್ತದೆ. ಆಮೇಲೆ ಸಂಜೆವರೆಗೂ ತೊಂದರೆಯಿಲ್ಲ.

ಉತ್ತರ: 800 ವಾಟ್ ಎಂದರೆ ಮೂರೂವರೆ ಆಂಪ್ಸ್ ಚಿಲ್ಲರೆ. ಹೊರೆ ಹೆಚ್ಚಾಗಿ ಬೀಳುತ್ತಿಲ್ಲ. ಡ್ರೈವರ್ ಒಳಗಿನ ಕೆಪಾಸಿಟರ್‌ಗಳು ಖಾಲಿಯಿದ್ದಾಗ ಮೊದಲ ಕ್ಷಣದಲ್ಲಿ ಹತ್ತಾರು ಆಂಪ್ಸ್ ಹೀರುತ್ತವೆ, ಸೆಕೆಂಡಿನ ಸಾವಿರದ ಒಂದು ಪಾಲಿಗಿಂತಲೂ ಕಡಿಮೆ ಹೊತ್ತು. ಇಪ್ಪತ್ತೂ ಒಟ್ಟಿಗೆ ಹೀರಿದಾಗ ಬಿ ಕರ್ವ್ ಎಂಸಿಬಿ ಅದನ್ನು ಶಾರ್ಟ್ ಸರ್ಕ್ಯೂಟ್ ಎಂದೇ ಭಾವಿಸುತ್ತದೆ. ಬಿ ಕರ್ವ್ ತನ್ನ ರೇಟಿಂಗ್‌ನ 3ರಿಂದ 5 ಪಟ್ಟಿಗೆ ಬೀಳುತ್ತದೆ, ಸಿ ಕರ್ವ್ 5ರಿಂದ 10 ಪಟ್ಟಿಗೆ. ಒಂದು ಎಂಸಿಬಿಗೆ ಎಷ್ಟು ಡ್ರೈವರ್ ಎಂಬುದನ್ನು ತಯಾರಕರ ಡೇಟಾ ಶೀಟ್‌ನಲ್ಲಿ ಕೊಟ್ಟಿರುತ್ತಾರೆ, ಅದನ್ನು ನೋಡಿಯೇ ಸರ್ಕ್ಯೂಟ್ ಹಂಚಬೇಕು. 1.5 ಸ್ಕ್ವೇರ್ ಎಂಎಂ ವೈರಿಂಗ್ ಇದ್ದು ಅರ್ಥಿಂಗ್ ಪರೀಕ್ಷೆಯಾಗಿದ್ದರೆ 10 ಆಂಪ್ಸ್ ಸಿ ಕರ್ವ್ ಹಾಕಿಸಬಹುದು, ಇಲ್ಲವೇ ದೀಪಗಳನ್ನು ಎರಡು ಸರ್ಕ್ಯೂಟ್ ಮಾಡಿಸಿ. ಏರಿಸಿ ಏರಿಸಿ ನಿಲ್ಲಿಸುವ ರೂಢಿ ಮಾತ್ರ ಬಿಡಿ, ಎಂಸಿಬಿಯ ಕಾಂಟ್ಯಾಕ್ಟ್ ಸವೆಯುತ್ತದೆ.

ಪ್ರಶ್ನೆ (ಒಳಾಂಗಣ ವಿನ್ಯಾಸಕರು, ಬೆಂಗಳೂರು): ಬಟ್ಟೆ ಷೋರೂಮ್‌ನ 12 ಮೀಟರ್ ಸಾಲಿಗೆ ರೋಲ್ ಡಿಫ್ಯೂಸರ್ (ಸುರುಳಿಯಾಗಿ ಬರುವ, ಬೆಳಕು ಹರಡುವ ಪ್ಲಾಸ್ಟಿಕ್ ಮುಚ್ಚಳ) ಹಾಕಿಸಿದೆವು. ಮರುದಿನ ಬೆಳಿಗ್ಗೆ ತುದಿಯಲ್ಲಿ ಬೆಳಕು ಸೋರುತ್ತಿತ್ತು. ಇನ್ನೊಂದು 6 ಮೀಟರಿನ ಸಾಲಿನಲ್ಲಿ ಬೆಳಕೇ ಮಂಕು, ದೂರದ ತುದಿಗೆ ಹೋದಂತೆ ಇನ್ನೂ ಮಂಕು. ಅದರ ಡ್ರೈವರ್ 10 ಮೀಟರ್ ಆಚೆ ಇದೆ.

ಉತ್ತರ: ಎರಡಕ್ಕೂ ಕಾರಣ ಬೇರೆ ಬೇರೆ. ಪಾಲಿಕಾರ್ಬೊನೇಟ್ ಡಿಫ್ಯೂಸರ್ ಮೀಟರಿಗೆ, ಒಂದು ಡಿಗ್ರಿ ಸೆಲ್ಸಿಯಸ್‌ಗೆ ಸುಮಾರು 0.07 ಮಿ.ಮೀ. ಹಿಗ್ಗಿ ಕುಗ್ಗುತ್ತದೆ. ಅಲ್ಯೂಮಿನಿಯಂ 0.023 ಮಾತ್ರ. ಮಧ್ಯಾಹ್ನದ ಸೆಖೆಯಲ್ಲಿ ಕತ್ತರಿಸಿ ಕೂರಿಸಿ, ಆಮೇಲೆ ಎಸಿ ಹಾಕಿ 10 ಡಿಗ್ರಿ ಇಳಿದರೆ 12 ಮೀಟರ್ ಡಿಫ್ಯೂಸರ್ 8.4 ಮಿ.ಮೀ. ಕುಗ್ಗುತ್ತದೆ, ಪ್ರೊಫೈಲ್ 2.8. ಉಳಿದ ಐದೂವರೆ ಮಿ.ಮೀ.ಯೇ ನೀವು ಕಂಡ ಸಂದು. ರೋಲ್ ಬಿಚ್ಚಿ ಅದೇ ಹಾಲ್‌ನಲ್ಲಿ ಎಸಿ ಹಾಕಿ ಒಂದು ರಾತ್ರಿ ಚಪ್ಪಟೆಯಾಗಿ ಮಲಗಿಸಿ, ಮರುದಿನ ಕತ್ತರಿಸಿ. ನಡುವಿನಿಂದ ತುದಿಗಳ ಕಡೆಗೆ ಒತ್ತುತ್ತ ಕೂರಿಸಬೇಕು. ಒಂದು ತುದಿಯಿಂದ ಶುರುಮಾಡಿದರೆ ಕೈ ಅರಿಯದೆ ಎಳೆಯುತ್ತದೆ, ಎಳೆದದ್ದು ರಾತ್ರಿ ವಾಪಸ್ ಕುಗ್ಗುತ್ತದೆ. ಎಂಡ್ ಕ್ಯಾಪ್ ಒಳಗೆ ಎರಡೂ ಕಡೆ ಸ್ವಲ್ಪ ಒಳಸೇರಿರಲಿ, ಆದರೆ ತುದಿ ಕ್ಯಾಪ್‌ನ ಗೋಡೆಗೆ ತಾಗದಿರಲಿ. ತಾಗಿದರೆ ದೀಪ ಕಾದಾಗ ಹಿಗ್ಗಲು ಜಾಗವಿಲ್ಲದೆ ನಡುವೆ ಉಬ್ಬಿ ಕಳಚುತ್ತದೆ.

ಮಂಕಿಗೆ ಕಾರಣ ವೋಲ್ಟೇಜ್ ಡ್ರಾಪ್. 24 ವೋಲ್ಟ್, ಮೀಟರಿಗೆ 14.4 ವಾಟ್‌ನ ಸ್ಟ್ರಿಪ್ 6 ಮೀಟರ್ ಎಂದರೆ 86.4 ವಾಟ್, 3.6 ಆಂಪ್ಸ್. 10 ಮೀಟರ್ ದೂರಕ್ಕೆ 0.75 ಸ್ಕ್ವೇರ್ ಎಂಎಂ ವೈರ್ ಎಳೆದಿದ್ದರೆ ಹೋಗಿ ಬರುವ 20 ಮೀಟರಿನಲ್ಲೇ 1.9 ವೋಲ್ಟ್ ಕಳೆದುಹೋಗುತ್ತದೆ. 1.5 ಆದರೆ ಒಂದು ವೋಲ್ಟ್, 2.5 ಆದರೆ ಸುಮಾರು 0.6. ಅದರ ಮೇಲೆ ಸ್ಟ್ರಿಪ್‌ನ ಒಳಗಿನ ತೆಳು ತಾಮ್ರವೂ ತನ್ನ ಪಾಲು ಕೀಳುತ್ತದೆ, ದೂರದ ತುದಿ ಹೆಚ್ಚು ಮಂಕಾಗುವುದು ಅದರಿಂದ. 2.5 ಸ್ಕ್ವೇರ್ ಎಂಎಂ ವೈರ್ ಎಳೆದು ಸ್ಟ್ರಿಪ್‌ನ ಎರಡೂ ತುದಿಗೆ ಸಪ್ಲೈ ಕೊಡಿಸಿ. ಸಾಧ್ಯವಿದ್ದರೆ ಡ್ರೈವರನ್ನೇ ಸಾಲಿನ ನೆತ್ತಿಯ ಮೇಲೆ, ಫಾಲ್ಸ್ ಸೀಲಿಂಗ್‌ನ ಟ್ರ್ಯಾಪ್ ಡೋರ್‌ಗೆ ಕೈ ಎಟಕುವಲ್ಲಿ ಇಡಿಸುವುದು ಇನ್ನೂ ಒಳ್ಳೆಯದು. 86 ವಾಟ್‌ಗೆ 100 ವಾಟ್‌ನ ಡ್ರೈವರ್ ಬಿಗಿಯಾಯಿತು, 120 ಇರಲಿ.

ಪ್ರಶ್ನೆ (ಐಟಿಐ ವಿದ್ಯಾರ್ಥಿ, ಶಿವಮೊಗ್ಗ): ಡಿಮ್ಮಿಂಗ್ ವೈರನ್ನು 230 ವೋಲ್ಟ್ ಜೊತೆ ಒಂದೇ ಕೇಬಲ್‌ನಲ್ಲಿ ಒಯ್ಯಬಹುದೇ?

ಉತ್ತರ: ಡಾಲಿ (DALI, ಡಿಜಿಟಲ್ ಸಂಕೇತ ಕಳಿಸಿ ದೀಪದ ಬೆಳಕು ಹೆಚ್ಚು-ಕಡಿಮೆ ಮಾಡುವ ಪದ್ಧತಿ) ಆದರೆ ಒಯ್ಯಬಹುದು. ಕೇಬಲ್‌ನ ಎಲ್ಲ ಕೋರ್‌ಗಳಿಗೂ ಮೇನ್ಸ್ ಮಟ್ಟದ ಇನ್ಸುಲೇಷನ್ ಇರಬೇಕು. 5 ಕೋರ್‌ನಲ್ಲಿ ಮೂರು ಮೇನ್ಸ್‌ಗೆ, ಎರಡು ಡಾಲಿಗೆ. ಒಂದು ಡಾಲಿ ಲೈನ್‌ಗೆ 64 ವಿಳಾಸ, 1.5 ಸ್ಕ್ವೇರ್ ಎಂಎಂ ವೈರಿನಲ್ಲಿ 300 ಮೀಟರ್ ಮಿತಿ. ಎರಡು ವೈರ್ ಅದಲುಬದಲಾದರೂ ಡಾಲಿ ಡ್ರೈವರ್ ಕೆಲಸ ಮಾಡುತ್ತದೆ, ಆದರೆ ಆ ಜೋಡಿಗೆ ತಪ್ಪಿ 230 ವೋಲ್ಟ್ ಕೊಟ್ಟರೆ ಡ್ರೈವರ್ ಸುಡಬಹುದು. ಅದಕ್ಕೇ ಡಾಲಿಯ ಎರಡು ಕೋರ್‌ಗೆ ಪ್ರತಿ ಜಾಯಿಂಟ್‌ನಲ್ಲೂ ಬಣ್ಣದ ಟೇಪ್ ಸುತ್ತಿ. 0–10 ವೋಲ್ಟ್ ಡಿಮ್ಮಿಂಗ್ ಆದರೆ ಡ್ರೈವರ್ ತಯಾರಕರು ಒಪ್ಪಿ ಬರೆದಿರದ ಹೊರತು ಬೇರೆ ಕೇಬಲ್ಲೇ ಸರಿ.