ಸಾಕ್ಷಿ ಮುಂದಿಟ್ಟರೂ ಜನ ಅಭಿಪ್ರಾಯ ಯಾಕೆ ಬದಲಿಸುವುದಿಲ್ಲ?

ಎಷ್ಟೇ ಅಂಕಿಅಂಶ ತೋರಿಸಿದರೂ ಎದುರಿನವರು ಜಗ್ಗುವುದಿಲ್ಲ, ಮನಸ್ಸು ಯಾಕೆ ಹೀಗೆ ಅಂತ ಕೇಳಿದ್ದೀರಿ. ನನಗನಿಸುವ ಮಟ್ಟಿಗೆ ಜನ ಬದಲಾಗುತ್ತಾರೆ. ನಮ್ಮ ಕಣ್ಣಿಗೆ ಬೀಳುವುದಿಲ್ಲ ಅಷ್ಟೆ. ಎಷ್ಟೋ ಸಲ ಅವರಿಗೇ ಗೊತ್ತಾಗಿರುವುದಿಲ್ಲ.

ನನ್ನದೇ ಕಥೆ ಕೇಳಿ. ಮನೆಯಿಂದ ಕೆಲಸ ಮಾಡುವುದರ ಪರ ನಾನು ಈಗ ಜೋರಾಗಿ ವಾದಿಸುತ್ತೇನೆ. ಒಮ್ಮೆ ಸಹೋದ್ಯೋಗಿಯ ಹತ್ತಿರ "ನಾನು ಮೊದಲಿಂದಲೂ ಇದನ್ನೇ ಹೇಳ್ತಿದ್ದೆ" ಅಂದೆ. ಅವರು ಸುಮ್ನೆ ನನ್ನ ಹಳೇ ಇಮೇಲ್ ಒಂದನ್ನು ತೆಗೆದು ತೋರಿಸಿದರು. ಮನೆಯಲ್ಲಿ ಕೂತರೆ ಯಾರೂ ಕೆಲಸ ಮಾಡುವುದಿಲ್ಲ, ಇದಕ್ಕೆ ಒಪ್ಪಲೇಬಾರದು ಅಂತ ನಾನೇ ಬರೆದಿದ್ದೆ! ನಾನು ಬೇಕಂತ ಸುಳ್ಳು ಹೇಳಿರಲಿಲ್ಲ. ನಿಜಕ್ಕೂ ಮರೆತುಹೋಗಿತ್ತು. ಯಾವಾಗ ಬದಲಾದೆ, ಯಾರ ಮಾತಿಗೆ ಬದಲಾದೆ ಅಂತ ಈಗಲೂ ನೆನಪಿಲ್ಲ.

ಇದು ನನ್ನೊಬ್ಬನ ಕಾಯಿಲೆಯಲ್ಲ. 1973ರಲ್ಲಿ ಗೋಥಲ್ಸ್ ಮತ್ತು ರೆಕ್‌ಮನ್ ಎಂಬ ಸಂಶೋಧಕರು ಅಮೆರಿಕದ ಹೈಸ್ಕೂಲ್ ಮಕ್ಕಳ ಮೇಲೆ ಒಂದು ಪ್ರಯೋಗ ಮಾಡಿದರು. ಕಪ್ಪು ಮತ್ತು ಬಿಳಿಯ ಮಕ್ಕಳು ಒಟ್ಟಿಗೆ ಓದಲಿ ಎಂದು ಅವರನ್ನು ಬಸ್ಸಿನಲ್ಲಿ ಬೇರೆ ಶಾಲೆಗಳಿಗೆ ಕಳಿಸುವ ಯೋಜನೆ ಆಗ ಅಲ್ಲಿ ದೊಡ್ಡ ಜಗಳದ ವಿಷಯ. ಮೊದಲು ಮಕ್ಕಳ ಅಭಿಪ್ರಾಯ ಬರೆಸಿಕೊಂಡರು. ಕೆಲವು ದಿನ ಬಿಟ್ಟು ಗುಂಪು ಚರ್ಚೆ ಮಾಡಿಸಿದರು. ಅದರಲ್ಲಿ ವಾದಕ್ಕೆ ತಯಾರಾಗಿ ಬಂದ ತಮ್ಮ ಕಡೆಯ ಒಬ್ಬನನ್ನು ಕೂರಿಸಿದ್ದರು. ಮಕ್ಕಳ ಅಭಿಪ್ರಾಯ ಬದಲಾಯಿತು. ಆಮೇಲೆ "ಮೊದಲು ಏನು ಬರೆದಿದ್ದೆ, ನೆನಪಿಸಿಕೋ" ಎಂದರೆ, ಹೊಸ ಅಭಿಪ್ರಾಯಕ್ಕೆ ಹತ್ತಿರವಾದದ್ದನ್ನೇ ಹೇಳಿದರು. ಹಳೇ ಉತ್ತರದ ಜೊತೆ ತಾಳೆ ನೋಡುತ್ತೇವೆ ಎಂದು ಮೊದಲೇ ಹೇಳಿದ್ದರೂ ಹಾಗೆಯೇ ಆಯಿತು.

ಹಾಗಾದರೆ ನಿಮ್ಮೆದುರು ಯಾಕೆ ಜಗ್ಗುವುದಿಲ್ಲ? ಒಂದು ಕಾರಣ, ಸಾಕ್ಷಿಯನ್ನು ನಾವೆಲ್ಲ ಎರಡು ತಕ್ಕಡಿಯಲ್ಲಿ ತೂಗುತ್ತೇವೆ. 1979ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಮರಣದಂಡನೆಯ ಪರ ಇದ್ದ 24 ಮತ್ತು ವಿರುದ್ಧ ಇದ್ದ 24 ವಿದ್ಯಾರ್ಥಿಗಳಿಗೆ ಎರಡೂ ಕಡೆಯ ಅಧ್ಯಯನಗಳನ್ನು ಓದಲು ಕೊಟ್ಟರು. ತಮಗೆ ಹೊಂದಿದ್ದನ್ನು ಎಲ್ಲರೂ ಸಲೀಸಾಗಿ ಒಪ್ಪಿದರು. ಹೊಂದದ್ದರಲ್ಲಿ ಹುಳುಕು ಹುಡುಕಿದರು. ಓದಿ ಮುಗಿಸಿದ ಮೇಲೆ ತಮ್ಮ ನಿಲುವು ಇನ್ನೂ ಗಟ್ಟಿಯಾಗಿದೆ ಎಂದರು.

ಎರಡನೇ ಕಾರಣವೇ ಜಾಸ್ತಿ ಮುಖ್ಯ ಅನಿಸುತ್ತದೆ: ಆಡಿದ ಮಾತು ಕಟ್ಟಿಹಾಕುತ್ತದೆ. 1955ರಲ್ಲಿ ಡಾಯ್ಚ್ ಮತ್ತು ಜೆರಾರ್ಡ್ ಗೆರೆಗಳ ಉದ್ದ ಹೋಲಿಸುವ ಕೆಲಸ ಕೊಟ್ಟರು. ತಮ್ಮ ಉತ್ತರವನ್ನು ಮನಸ್ಸಿನಲ್ಲೇ ಇಟ್ಟುಕೊಂಡವರು, ಉಳಿದವರು ತಪ್ಪು ಉತ್ತರ ಹೇಳಿದಾಗ ಆ ಕಡೆಗೆ ಹೆಚ್ಚು ವಾಲಿದರು. ಕಾಗದದಲ್ಲಿ ಬರೆದು ಸಹಿ ಹಾಕಿದವರು ಅಷ್ಟಾಗಿ ವಾಲಲಿಲ್ಲ. ಅಲ್ಲಿ ಹಟವೇ ಸರಿಯಾಗಿತ್ತು, ಅದು ಬೇರೆ ಮಾತು. ಆದರೆ ನಾಲ್ಕು ಜನರ ಮುಂದೆ "ನಿಮ್ಮ ನಿಲುವೇನು, ಹೇಳಿ" ಎಂದು ಪಟ್ಟು ಹಿಡಿದರೆ, ನಾವೇ ಅವರ ಕೈಯಲ್ಲಿ ಸಹಿ ಹಾಕಿಸಿದ ಹಾಗೆ ಅಲ್ವಾ?

ಸಾಕ್ಷಿ ಕೊಟ್ಟರೆ ಜನ ಇನ್ನೂ ಹಟ ಹಿಡಿಯುತ್ತಾರೆ ಎಂಬ ಮಾತು ಕೇಳಿರಬಹುದು. ಅದನ್ನು ಪೂರ್ತಿ ನಂಬಬೇಡಿ. 2019ರಲ್ಲಿ ಪ್ರಕಟವಾದ ವುಡ್ ಮತ್ತು ಪೋರ್ಟರ್ ಅವರ ಅಧ್ಯಯನದಲ್ಲಿ 10,000ಕ್ಕೂ ಹೆಚ್ಚು ಜನರಿದ್ದರು, 52 ವಿಷಯಗಳಿದ್ದವು. ತಿದ್ದಿ ಹೇಳಿದಾಗ ಜನ ಹೆಚ್ಚುಕಡಿಮೆ ಎಲ್ಲ ವಿಷಯಗಳಲ್ಲೂ ನಿಜದ ಕಡೆಗೇ ಸರಿದರು. ಆದರೆ ಒಂದು ಮಾಹಿತಿ ಒಪ್ಪುವುದು ಬೇರೆ, ನಿಲುವು ಬಿಡುವುದು ಬೇರೆ. ಎರಡನೆಯದಕ್ಕೆ ಸಮಯ ಬೇಕು, ಒಂದಿಷ್ಟು ಮರೆಯೂ ಬೇಕು.

ಅಂದಹಾಗೆ, ಆ ಹಳೇ ಇಮೇಲ್‌ಗೆ ಸಹೋದ್ಯೋಗಿ ಕೊಟ್ಟಿದ್ದ ಉತ್ತರವೂ ಅಲ್ಲೇ ಇತ್ತು. ವಾದ ಇಲ್ಲ, ಅಂಕಿಅಂಶ ಇಲ್ಲ. "ಸರಿ, ಒಂದು ತಿಂಗಳು ನೋಡೋಣ" ಅಂತ ಒಂದೇ ಸಾಲು.